ಲಾಂಗ್‌ಬೋರ್ಡ್‌ನಲ್ಲಿ 180 ತೆಗೆದು 150 ಹಾಕಿದ ಮೇಲೆ

ಟ್ರಕ್ (ಬೋರ್ಡ್ ಕೆಳಗೆ ವೀಲ್ ಹಿಡಿದಿರುವ ಜೋಡಣೆ) ಅಗಲ ಇದ್ದರೆ ಬೋರ್ಡ್ ಗಟ್ಟಿ ನಿಲ್ಲುತ್ತದೆ, ಕಿರಿದಾದರೆ ಅಲುಗಾಡುತ್ತದೆ. ಲಾಂಗ್‌ಬೋರ್ಡ್ (ಉದ್ದನೆಯ ಸ್ಕೇಟ್‌ಬೋರ್ಡ್) ಬಗ್ಗೆ ಯಾರನ್ನು ಕೇಳಿದರೂ ಹೇಳುವುದು ಇಷ್ಟೇ. ದಾವಣಗೆರೆ ರಸ್ತೆಗಳಲ್ಲಿ ಎರಡನ್ನೂ ಓಡಿಸಿದ ಮೇಲೆ, ಈ ಮಾತು ಅರ್ಧ ಮಾತ್ರ ನಿಜ ಅಂತ ನನಗೆ ಅನ್ನಿಸಿದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಾವು ನಿಲ್ಲುವ ಹಲಗೆ ಡೆಕ್. ಟ್ರಕ್‌ನಲ್ಲಿ ಡೆಕ್ ಕೆಳಗೆ ಬೋಲ್ಟ್ ಆಗುವ ಭಾಗ ಬೇಸ್‌ಪ್ಲೇಟ್. ವೀಲ್ ಹಿಡಿದುಕೊಂಡಿರುವ ಅಡ್ಡ ಭಾಗ ಹ್ಯಾಂಗರ್. ಎರಡನ್ನೂ ಕಿಂಗ್‌ಪಿನ್ ಕೂಡಿಸುತ್ತದೆ, ಅದರಲ್ಲಿ ರಬ್ಬರ್ ಥರದ ಎರಡು ಬುಶ್ ಇರುತ್ತವೆ. ಲಾಂಗ್‌ಬೋರ್ಡ್‌ನಲ್ಲಿ ಹೆಚ್ಚಾಗಿ ಸಿಗುವ ಹ್ಯಾಂಗರ್ 180 ಮಿ.ಮೀ. ಮತ್ತು 150 ಮಿ.ಮೀ. ಆಕ್ಸಲ್ ತುದಿಯಿಂದ ತುದಿಗೆ ಅಳೆದರೆ ಇವು ಸುಮಾರು 10 ಇಂಚು ಮತ್ತು 9 ಇಂಚು. ಕೆಲವರು ಹ್ಯಾಂಗರ್ ಅಳತೆ ಹೇಳುತ್ತಾರೆ, ಕೆಲವರು ಆಕ್ಸಲ್ ಅಳತೆ. ಸೆಕೆಂಡ್ ಹ್ಯಾಂಡ್ ತೊಗೊಳ್ಳುವವರು ಯಾವ ಅಳತೆ ಅಂತ ಮೊದಲೇ ಕೇಳಿಕೊಳ್ಳಿ.

ನನ್ನ ಡೆಕ್ 9 ಇಂಚು ಅಗಲ. ಮೊದಲು ಇದ್ದದ್ದು 180. ಅದೇ ಕಂಪನಿಯ 150 ಸಿಕ್ಕಿತು. ಬುಶ್, ವೀಲ್, 50 ಡಿಗ್ರಿ ಬೇಸ್‌ಪ್ಲೇಟ್ (ಹ್ಯಾಂಗರ್ ತಿರುಗುವ ಅಕ್ಷ ಎಷ್ಟು ಓರೆ ಅನ್ನುವ ಕೋನ ಇದು) ಯಾವುದನ್ನೂ ಬದಲಿಸಲಿಲ್ಲ, ಹ್ಯಾಂಗರ್ ಮಾತ್ರ ಬದಲಿಸಿದೆ. ಒಟ್ಟಿಗೆ ಎಲ್ಲಾ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ ಅಲ್ವಾ.

ಕುಂದುವಾಡ ಕೆರೆ ಕಡೆ ನುಣ್ಣನೆಯ ಡಾಂಬರು ಇರುವ ಒಂದು ತುಂಡು ರಸ್ತೆಯಲ್ಲಿ, ಬೆಳಿಗ್ಗೆ ವಾಕಿಂಗ್‌ನವರು ಬರುವ ಮುಂಚೆ, 2 ಮೀಟರಿಗೊಂದು ನೀರಿನ ಬಾಟಲಿ ಇಟ್ಟು ನಡುವೆ ಸುತ್ತಿಕೊಂಡು ಹೋದೆ. 150ರಲ್ಲಿ ಬೋರ್ಡ್ ಎಡದಿಂದ ಬಲಕ್ಕೆ ಚುರುಕಾಗಿ ಹೊರಳುತ್ತದೆ. 180ರಲ್ಲಿ ಒಂದು ಕ್ಷಣ ತಡ. ಪಕ್ಕದ ಮನೆ ಹುಡುಗನನ್ನೂ ಹತ್ತಿಸಿದೆ. ಅವನಿಗೆ ನಾನು ಏನೂ ಹೇಳಿರಲಿಲ್ಲ. "ಅಣ್ಣಾ, ಇದು ಜಲ್ದಿ ತಿರುಗ್ತೈತಿ, ಮೊದ್ಲಿಂದು ಭಾರ ಇತ್ತು" ಅಂದ.

ಭಾರ ಅನ್ನಿಸುವುದಕ್ಕೆ ಕಾರಣ ಇದೆ. ಬೋರ್ಡ್ ವಾಲಿಸಿದಾಗ ಹ್ಯಾಂಗರ್ ಓರೆಯಾಗುತ್ತದೆ. ಒಂದು ಬದಿಯ ವೀಲ್ ಮುಂದೆ ಸರಿಯುತ್ತದೆ, ಇನ್ನೊಂದು ಬದಿಯದು ಹಿಂದೆ. ಅಗಲ ಜಾಸ್ತಿ ಆದಷ್ಟೂ ಸರಿಯಬೇಕಾದ ದೂರವೂ ಜಾಸ್ತಿ. ಆದರೆ ಇಷ್ಟು ವಾಲಿಸಿದರೆ ಇಷ್ಟು ತಿರುಗಬೇಕು ಅನ್ನುವುದನ್ನು ನಿರ್ಧರಿಸುವುದು ಅಗಲ ಅಲ್ಲ, ಬೇಸ್‌ಪ್ಲೇಟ್ ಕೋನ. ಎಷ್ಟು ದೊಡ್ಡ ಸುತ್ತಿನಲ್ಲಿ ತಿರುಗುತ್ತದೆ ಅನ್ನುವುದಕ್ಕೆ ಎರಡು ಟ್ರಕ್ ನಡುವಿನ ದೂರವೂ ಸೇರುತ್ತದೆ. ಹಾಗಾಗಿ ಕಿರಿದು ಹಾಕಿದರೆ ಜಾಸ್ತಿ ತಿರುಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೇಗ ತಿರುಗುತ್ತದೆ, ಅಷ್ಟೇ.

ನನ್ನ ಲೆಕ್ಕ ಬದಲಾದದ್ದು ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ. ಅಲ್ಲಿ ಡಾಂಬರು ಸವೆದು ಜಲ್ಲಿ ಎದ್ದಿದೆ, ಮೇಲೆ ಲಾರಿಗಳಿಂದ ಉದುರಿದ ಮಣ್ಣು. 180ರಲ್ಲಿ ಒಂದು ಬದಿಯ ವೀಲ್ ಕಲ್ಲಿಗೆ ತಾಗಿದರೆ ಬೋರ್ಡ್ ಆ ಕಡೆಗೇ ಎಳೆಯುತ್ತಿತ್ತು. ಸೈಕಲ್ ಹ್ಯಾಂಡಲ್ ತುದಿಗೆ ಯಾರೋ ತಟ್ಟಿದ ಹಾಗೆ. ಕಲ್ಲಿನ ಹೊಡೆತ ಕಿಂಗ್‌ಪಿನ್‌ನಿಂದ ಎಷ್ಟು ದೂರ ಬೀಳುತ್ತದೋ ಅಷ್ಟು ಜೋರಾಗಿ ಹ್ಯಾಂಗರ್ ತಿರುಗುತ್ತದೆ. 150ರಲ್ಲಿ ವೀಲ್ ಪ್ರತಿ ಬದಿಯಲ್ಲೂ 15 ಮಿ.ಮೀ. ಒಳಗೆ ಬಂತು. ಓದುವಾಗ ಏನೂ ಅಲ್ಲ ಅನ್ನಿಸುತ್ತದೆ. ಕಾಲಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಗುಡ್ಡ ಇಳಿಯುವ ರೇಸಿನವರು ಈಗ ಕಿರಿದಾದ ಟ್ರಕ್ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಅವರು ಹಿಂದಿನ ಟ್ರಕ್‌ನ ಕೋನ ಕಡಿಮೆ ಮಾಡಿ ಸ್ಥಿರತೆ ತಂದುಕೊಳ್ಳುತ್ತಾರೆ, ಅಗಲದಿಂದ ಅಲ್ಲ.

ಇನ್ನೊಂದು ಲಾಭವೂ ಸಿಕ್ಕಿತು. 180ರಲ್ಲಿ ವೀಲ್ ಡೆಕ್‌ನಿಂದ ಅರ್ಧ ಇಂಚು ಹೊರಗೆ ಇರುತ್ತಿತ್ತು. ಕಾಲಿನಿಂದ ತಳ್ಳುವಾಗ ಶೂ ಹಿಂದಿನ ವೀಲಿಗೆ ಉಜ್ಜುತ್ತಿತ್ತು. ಈಗ ಆ ಕಾಟ ಇಲ್ಲ.

ಹಾಗಂತ 150 ಹಾಕಿ ಸುಮ್ನೆ ಬಿಟ್ಟರೆ ಆಗುವುದಿಲ್ಲ. ಹಳೇ ಬುಶ್ ಮೆತ್ತಗಿತ್ತು. ಅಗಲದ ಟ್ರಕ್‌ಗೆ ಅದು ಸರಿ, ಇದಕ್ಕೆ ಸಾಲದು. ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿಗೆ ಬುಶ್ ಇನ್ನೂ ಮೆತ್ತಗಾಗುತ್ತದೆ. ಕಿಂಗ್‌ಪಿನ್ ನಟ್ ಬಿಗಿ ಮಾಡಿ ಸರಿಪಡಿಸಬಹುದು ಅಂತ ಕೆಲವರು ಹೇಳುತ್ತಾರೆ. ಜಾಸ್ತಿ ಬಿಗಿದರೆ ಬುಶ್ ಉಬ್ಬುತ್ತದೆ, ಬೋರ್ಡ್ ನಡುವೆ ನೆಟ್ಟಗೆ ಬಂದು ನಿಲ್ಲುವುದಿಲ್ಲ. ಗಟ್ಟಿ ಬುಶ್ ಹಾಕುವುದೇ ಸರಿ. ನಾನು ಮುಂದೆ 85ಎ, ಹಿಂದೆ 90ಎ ಹಾಕಿದ್ದೇನೆ (ಇದು ಗಟ್ಟಿತನದ ಅಳತೆ, ಅಂಕಿ ಜಾಸ್ತಿ ಆದಷ್ಟೂ ಗಟ್ಟಿ). ನಿಮ್ಮ ತೂಕ ಜಾಸ್ತಿ ಇದ್ದರೆ ಇನ್ನೂ ಗಟ್ಟಿ ಬೇಕಾಗುತ್ತದೆ.

180 ಸೆಟ್ ಮಾರಿಲ್ಲ. ತಮ್ಮನ ಡೆಕ್ 10 ಇಂಚು ಅಗಲ, ಅವನು ನುಣ್ಣನೆ ರಸ್ತೆ ಬಿಟ್ಟು ಹೋಗುವುದಿಲ್ಲ. ದೊಡ್ಡ ದೊಡ್ಡ ತಿರುವು ಹೊಡೆದುಕೊಂಡು ನಿಧಾನಕ್ಕೆ ಹೋಗುವುದೇ ಅವನಿಗೆ ಖುಷಿ. ಅದಕ್ಕೆ 180 ಹೇಳಿ ಮಾಡಿಸಿದ್ದು, ಅವನ ಬೋರ್ಡಿಗೇ ಹಾಕಿಕೊಟ್ಟಿದ್ದೇನೆ.