ಉಸಿರಿಗಿಂತ ಮೊದಲು ನಾನು ಕಾಲು ನೋಡುತ್ತೇನೆ

ನಾನು ಫಿಸಿಯೋಥೆರಪಿಸ್ಟ್. ಶ್ವಾಸಕೋಶದ ಹಳೇ ಕಾಯಿಲೆ ಇರುವ ಹಿರಿಯರ ಜೊತೆಗೇ ನನ್ನ ಬಹುಪಾಲು ಕೆಲಸ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ಕಾಯಿಲೆ ಇರುವವರೇ ಜಾಸ್ತಿ, ಶ್ವಾಸಕೋಶ ಕಲೆಗಟ್ಟಿ ಬಿಗಿಯಾಗುವ ಫೈಬ್ರೋಸಿಸ್‌ನವರು ಆಗಾಗ ಬರುತ್ತಾರೆ. ಬರುವಾಗ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಎಕ್ಸ್-ರೇ, ಸಿಟಿ ಸ್ಕ್ಯಾನ್, ಊದಿಸಿ ನೋಡಿದ ಸ್ಪೈರೋಮೆಟ್ರಿ ರಿಪೋರ್ಟು. ಎಲ್ಲವೂ ಎದೆಯದ್ದೇ. ಕಾಲಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಹಾಗಾಗಿ ಫೈಲ್ ಆಮೇಲೆ ತೆರೆಯುತ್ತೇನೆ. ಮೊದಲು ಅವರು ಬಾಗಿಲಿಂದ ಕುರ್ಚಿ ತನಕ ನಡೆದು ಬರುವುದನ್ನು ನೋಡುತ್ತೇನೆ. ಗೋಡೆ ಹಿಡಿದರಾ? ತಿರುಗುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟರಾ? ಮಾತಾಡಿಸಿದರೆ ನಿಂತುಬಿಡುತ್ತಾರಾ? ಕುರ್ಚಿಗೆ ಮೆಲ್ಲಗೆ ಕೂತರಾ, ಇಲ್ಲ ಧೊಪ್ಪಂತ ಬಿದ್ದರಾ? ಧೊಪ್ಪಂತ ಬೀಳುವವರ ತೊಡೆಯಲ್ಲಿ ಬಲ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಮೈಭಾರವನ್ನು ಮೆಲ್ಲಗೆ ಇಳಿಸೋದಕ್ಕೂ ಸ್ನಾಯು ಬೇಕು ನೋಡಿ.

ಸ್ಪೈರೋಮೆಟ್ರಿ ಅಂಕಿ ಹೆಚ್ಚುಕಮ್ಮಿ ಒಂದೇ ಇರುವ ಇಬ್ಬರನ್ನು ಅಕ್ಕಪಕ್ಕ ಕೂರಿಸಿದರೆ, ಒಬ್ಬರು ಮನೆಗೆ ಬೇಕಾದ್ದನ್ನು ತಾವೇ ಹೋಗಿ ತರುತ್ತಿರುತ್ತಾರೆ, ಇನ್ನೊಬ್ಬರಿಗೆ ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಕೆಲಸ. ಈ ವ್ಯತ್ಯಾಸ ಎದೆಯ ರಿಪೋರ್ಟಿನಲ್ಲಿ ಸಿಗುವುದಿಲ್ಲ. ಬಹಳ ಸಲ ಅದು ತೊಡೆಯಲ್ಲಿ ಸಿಗುತ್ತದೆ.

ಆಗೋದು ಹೀಗೆ. ನಡೆದರೆ ಉಸಿರು ಕಟ್ಟುತ್ತದೆ ಅಂತ ನಡೆಯುವುದು ಕಮ್ಮಿಯಾಗುತ್ತದೆ. ನಡೆಯದ ಕಾಲಿನ ಸ್ನಾಯು ಕರಗುತ್ತದೆ. ಹೆಚ್ಚು ಹೊತ್ತು ದಣಿಯದೆ ದುಡಿಯುವ ಎಳೆಗಳು ಕಮ್ಮಿಯಾಗಿ, ಬೇಗ ಸುಸ್ತಾಗುವ ಎಳೆಗಳ ಪಾಲು ಜಾಸ್ತಿಯಾಗುತ್ತದೆ. ಅಂಥ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಅದನ್ನು ಸರಿತೂಗಿಸಲು ಇನ್ನಷ್ಟು ಉಸಿರಾಡಬೇಕು. ಮೊದಲೇ ಉಸಿರಿಗೆ ಕಷ್ಟ ಇರುವವರಿಗೆ ಇದು ಇನ್ನೊಂದು ಹೊರೆ. ಕಾಯಿಲೆಯಿಂದ ಮೈಯಲ್ಲಿ ಉಳಿದುಕೊಳ್ಳುವ ಉರಿಯೂತ, ಆಕ್ಸಿಜನ್ ಕೊರತೆ, ಮತ್ತೆ ಮತ್ತೆ ನುಂಗಿದ ಸ್ಟಿರಾಯ್ಡ್ ಮಾತ್ರೆ, ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದ ದಿನಗಳು, ಎಲ್ಲವೂ ಇದಕ್ಕೆ ಸೇರಿಕೊಳ್ಳುತ್ತವೆ. ವಯಸ್ಸು ಅಂತೂ ಇದ್ದೇ ಇದೆ.

ಹೀಗೆ ಮೈ ಸೊರಗಿ ಸಣ್ಣ ಹೊಡೆತವನ್ನೂ ತಡೆಯಲಾರದ ಸ್ಥಿತಿಗೆ ವೈದ್ಯರು ಫ್ರೇಲ್ಟಿ ಅನ್ನುತ್ತಾರೆ. ಗುರುತಿಸಲು 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಸಂಗಡಿಗರು ಐದು ಲಕ್ಷಣ ಹೇಳಿದರು: ಬೇಕಂತ ಇಳಿಸದೆ ತೂಕ ಇಳಿಯುವುದು, ಸದಾ ಸುಸ್ತು, ಓಡಾಟ ಕಮ್ಮಿಯಾಗುವುದು, ನಡಿಗೆ ನಿಧಾನವಾಗುವುದು, ಕೈಹಿಡಿತ ಸಡಿಲವಾಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಫ್ರೇಲ್ಟಿ. ಒಂದೋ ಎರಡೋ ಇದ್ದರೆ ಆ ದಾರಿ ಹಿಡಿದಿದ್ದಾರೆ ಅಂತ ಅರ್ಥ. ನನಗೆ ಈ ಎರಡನೇ ಗುಂಪಿನವರು ಸಿಕ್ಕರೆ ಖುಷಿ. ಆದರೆ ಅವರು ತಾವಾಗಿ ಬರುವುದೇ ಇಲ್ಲ, "ವಯಸ್ಸಾಯ್ತಲ್ಲ" ಅಂದುಕೊಂಡು ಮನೆಯಲ್ಲೇ ಇರುತ್ತಾರೆ.

ಅಳೆಯೋದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಕುರ್ಚಿ, ಸ್ಟಾಪ್‌ವಾಚ್, ನೆಲದ ಮೇಲೆ ನಾಲ್ಕು ಮೀಟರ್ ಅಂತರದಲ್ಲಿ ಅಂಟಿಸಿದ ಎರಡು ಟೇಪು. ಮೊದಲು ಪಾದ ಜೋಡಿಸಿ 10 ಸೆಕೆಂಡ್ ನಿಲ್ಲುವುದು. ಆಮೇಲೆ ಒಂದು ಪಾದ ಅರ್ಧ ಮುಂದೆ, ಕೊನೆಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದರ ಹಿಂದೆ ಒಂದು. ನಂತರ ಮಾಮೂಲಿ ನಡಿಗೆಯಲ್ಲಿ ನಾಲ್ಕು ಮೀಟರ್. ಕೊನೆಯದು ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ನಿಲ್ಲುವುದು, ನಡಿಗೆ, ಕುರ್ಚಿ, ಈ ಮೂರಕ್ಕೂ ತಲಾ 4 ಅಂಕ, ಒಟ್ಟು 12. ನಾಲ್ಕು ಮೀಟರಿಗೆ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯಿತು ಅಂದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕೆಳಗಿದೆ, ನಾನು ಎಚ್ಚರವಾಗುತ್ತೇನೆ.

ಈ ಕುರ್ಚಿ ಪರೀಕ್ಷೆಯಷ್ಟು ವಿಷಯ ಹೇಳುವ ಪರೀಕ್ಷೆ ನನಗೆ ಇನ್ನೊಂದು ಸಿಕ್ಕಿಲ್ಲ. ಗಡಿಯಾರ ಒಂದು ಅಂಕಿ ಕೊಡುತ್ತದೆ ಅಷ್ಟೆ, ನೋಡಬೇಕಾದ್ದು ಬೇರೆಯೇ ಇದೆ. ಎದ್ದೇಳುವ ಮೊದಲೇ ಹಲವರು ಗಪ್ಪಂತ ಉಸಿರು ಹಿಡಿಯುತ್ತಾರೆ. ಭುಜ ಕಿವಿ ಹತ್ತಿರ ಹೋಗುತ್ತದೆ. ಮೊದಲ ಸಲ ಎದ್ದುಬಿಡುತ್ತಾರೆ, ಎರಡನೇ ಸಲಕ್ಕೆ ಎದೆಗೆ ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡು ಮೊಣಕಾಲಿನ ಮೇಲೆ ಬರುತ್ತದೆ. ಮೂರನೆಯದಕ್ಕೆ ಎರಡು ಮಂಡಿ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಮುಗಿದ ಮೇಲೆ "ಏನಾಯ್ತು, ಉಸಿರಾ ಕಾಲಾ?" ಅಂತ ಕೇಳುತ್ತೇನೆ. ಆ ಉತ್ತರದ ಮೇಲೆಯೇ ನನ್ನ ಮುಂದಿನ ವಾರಗಳು ನಿಂತಿರುತ್ತವೆ. "ಉಸಿರೇನೋ ಇತ್ತಮ್ಮ, ಕಾಲೇ ಏಳಲಿಲ್ಲ" ಅಂದ ಅಜ್ಜನಿಗೂ, ಕಾಲು ಗಟ್ಟಿ ಇದ್ದು ಉಸಿರು ಸಿಗದೆ ನಿಂತ ಅಜ್ಜಿಗೂ ಒಂದೇ ವ್ಯಾಯಾಮದ ಚೀಟಿ ಕೊಟ್ಟರೆ ಇಬ್ಬರಿಗೂ ಪ್ರಯೋಜನವಿಲ್ಲ.

ಕಾಲೇ ಏಳದವರಿಗೆ ನಾನು ಮೊದಲ ದಿನವೇ ದೂರ ನಡೆಸುವುದಿಲ್ಲ. ನಡಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಸಮತೋಲನ ಇಲ್ಲದವರನ್ನು ಸುಮ್ನೆ "ದಿನಾ ನಡೀರಿ" ಅಂತ ಕಳಿಸಿದರೆ ಬೀಳುತ್ತಾರೆ. ಸಿಒಪಿಡಿ ಇರುವ ಹಿರಿಯರಲ್ಲಿ ಬೀಳುವುದು ಮೊದಲೇ ಜಾಸ್ತಿ. ಸ್ಟಿರಾಯ್ಡ್ ತಿಂದು ಮೂಳೆ ತೆಳುವಾಗಿದ್ದರೆ ಸೊಂಟ ಮುರಿಯಲು ಒಂದು ಬೀಳು ಸಾಕು. ಹಾಗಾಗಿ ಶುರು ಮಾಡೋದು ಕುರ್ಚಿಯಿಂದಲೇ. ಕೂರುವ ಜಾಗಕ್ಕೆ ಒಂದೆರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡುತ್ತೇನೆ, ಕುರ್ಚಿ ಬೆನ್ನನ್ನು ಗೋಡೆಗೆ ಒರಗಿಸುತ್ತೇನೆ. ಪಾದ ಹಿಂದಕ್ಕೆ ಎಳೆದು, ಮೂಗು ಮಂಡಿಯನ್ನು ದಾಟುವಷ್ಟು ಮುಂದೆ ಬಾಗಿ, ತುಟಿ ಕಿರಿದು ಮಾಡಿ ಉಸಿರು ಬಿಡುತ್ತಾ ಏಳಬೇಕು. ಉಸಿರು ಹಿಡಿದು ಏಳಬಾರದು. ಬಲ ಹಾಕುವ ಹೊತ್ತಿಗೆ ಉಸಿರು ಬಿಡುವುದು, ಇದೊಂದು ಕಲಿಸೋದಕ್ಕೇ ಕೆಲವರ ಹತ್ತಿರ ದಿನಗಟ್ಟಲೆ ಹೋಗುತ್ತದೆ. ಕೂರುವಾಗ ಬಾಯಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ನಿಧಾನಕ್ಕೆ. ಸಲೀಸಾಯಿತು ಅಂದರೆ ಒಂದು ದಿಂಬು ತೆಗೆಯುತ್ತೇನೆ. ದಿಂಬು ತೆಗೆದ ದಿನ ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ನಾನು ಅತ್ತ ನೋಡುವುದಿಲ್ಲ.

ಜೊತೆಗೆ ಕಟ್ಟೆ ಅಥವಾ ಭಾರವಾದ ಮೇಜು ಹಿಡಿದು ಹಿಮ್ಮಡಿ ಎತ್ತುವುದು, ಪಕ್ಕಕ್ಕೆ ಹೆಜ್ಜೆ ಇಡುವುದು, ಒಂದರ ಹಿಂದೆ ಒಂದು ಪಾದ ಇಟ್ಟು ನಿಲ್ಲುವುದು. ಆಮೇಲೆ ನಡಿಗೆ, ಅದೂ ತುಂಡು ತುಂಡಾಗಿ. ಒಂದು ನಿಮಿಷ ನಡೆ, ಒಂದು ನಿಮಿಷ ಕೂರು, ಮತ್ತೆ ನಡೆ. ಒಂದೇ ಸಮನೆ ಹತ್ತು ನಿಮಿಷ ನಡೆಯಲಾಗದವರೂ ಹೀಗೆ ಒಟ್ಟು ಹತ್ತು ನಿಮಿಷ ಮುಗಿಸುತ್ತಾರೆ. ಚಕ್ರ ಇರುವ ವಾಕರ್ ಕೊಟ್ಟರೆ ಇನ್ನೂ ದೂರ ಹೋಗುತ್ತಾರೆ. ಅದರ ಮೇಲೆ ಕೈ ಊರಿದಾಗ ಭುಜ, ಕುತ್ತಿಗೆಯ ಸ್ನಾಯುಗಳು ಉಸಿರಾಟಕ್ಕೆ ಸಿಗುತ್ತವೆ. "ವಾಕರ್ ಹಿಡಿದರೆ ಮುದುಕ ಅನ್ನೋಲ್ವಾ ಜನ?" ಅಂತ ಎಂಬತ್ತು ದಾಟಿದವರೂ ಕೇಳುತ್ತಾರೆ!

ಎಷ್ಟು ಶ್ರಮ ಅಂತ ಅಳೆಯಲು ಸೊನ್ನೆಯಿಂದ ಹತ್ತರ ಬೋರ್ಗ್ ಪಟ್ಟಿ ಗೋಡೆಗೆ ಅಂಟಿಸಿದ್ದೇನೆ. ಸೊನ್ನೆ ಅಂದರೆ ಏನೂ ಏದುಸಿರಿಲ್ಲ, ಹತ್ತು ಅಂದರೆ ಇನ್ನು ತಡೆಯಲಾಗದು. ನಮಗೆ ಬೇಕಾದ್ದು 4ರಿಂದ 6. ಮಾತು ತುಂಡಾಗಬೇಕು, ಆದರೆ ನಿಲ್ಲಬಾರದು. ಏದುಸಿರು ಬಂದರೆ ಅಪಾಯ ಅಂತ ವರ್ಷಗಟ್ಟಲೆ ನಂಬಿದವರಿಗೆ ಈ 5ರಲ್ಲಿ ಒಂದು ನಿಮಿಷ ಇರುವುದು ಕಷ್ಟ. ಪಕ್ಕದಲ್ಲಿ ನಿಂತು, ಕೂತು ಮುಂದೆ ಬಾಗಿ ಮೊಣಕೈ ತೊಡೆಗೆ ಊರಿದರೆ ಅದು ಹೇಗೆ ಇಳಿಯುತ್ತದೆ ಅಂತ ತೋರಿಸುತ್ತೇನೆ. ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ ಅಂತ ತಾವೇ ಕಂಡ ಮೇಲೆ ಹೆದರಿಕೆ ಅರ್ಧ ಹೋಗುತ್ತದೆ. ಡಾಕ್ಟರ್ ಶ್ವಾಸನಾಳ ಹಿಗ್ಗಿಸುವ ಇನ್ಹೇಲರ್ ಬರೆದಿದ್ದರೆ ವ್ಯಾಯಾಮಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ತೆಗೆದುಕೊಳ್ಳಲು ಹೇಳುತ್ತೇನೆ. ಹಾಗೇ ತೆಗೆದುಕೊಳ್ಳುವ ರೀತಿಯನ್ನೂ ನೋಡುತ್ತೇನೆ. ಕೈಹಿಡಿತ ಸಡಿಲವಾದವರಿಗೆ ಕ್ಯಾನ್ ಒತ್ತಲೇ ಆಗುವುದಿಲ್ಲ, ಔಷಧಿ ಕೆಲಸ ಮಾಡ್ತಿಲ್ಲ ಅಂತ ದೂರುತ್ತಿರುತ್ತಾರೆ.

ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಬೆರಳಿಗೆ ಸಿಕ್ಕಿಸಿಕೊಂಡು ಇಡೀ ದಿನ ಅದನ್ನೇ ನೋಡುವವರಿದ್ದಾರೆ. ವ್ಯಾಯಾಮದಲ್ಲಿ ಅದು ತೋರಿಸುವ ರಕ್ತದ ಆಕ್ಸಿಜನ್ ಶೇಕಡಾ 88ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಿ, ಕೂರಿಸಿ, ಕಾಯುತ್ತೇನೆ. ಪದೇ ಪದೇ ಹಾಗಾದರೆ ಆಕ್ಸಿಜನ್ ಬೇಕಾ ಅಂತ ಡಾಕ್ಟರ್ ಹತ್ತಿರ ಮಾತಾಡುತ್ತೇನೆ. ಫೈಬ್ರೋಸಿಸ್ ಇರುವವರಲ್ಲಿ ಕೂತಾಗ ಚೆನ್ನಾಗಿದ್ದು ನಾಲ್ಕು ಹೆಜ್ಜೆಗೆ ಸರ್ರಂತ ಇಳಿಯಬಹುದು, ಅವರ ಮೇಲೆ ಕಣ್ಣಿಟ್ಟೇ ಇರಬೇಕು. ಆದರೆ ಬೆರಳು ತಣ್ಣಗಿದ್ದರೂ, ಉಗುರುಬಣ್ಣ ಇದ್ದರೂ ಅಂಕಿ ತಪ್ಪು ಬರುತ್ತದೆ. ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಗಾಬರಿಯಾಗಿ. ಎದೆನೋವು, ತಲೆಸುತ್ತು, ಹೊಸದಾಗಿ ಕಾಲು ಊತ, ಜ್ವರ, ಕಫದ ಬಣ್ಣ ಬದಲಾಗುವುದು, ಇವುಗಳಲ್ಲಿ ಏನೇ ಕಂಡರೂ ಆ ದಿನ ವ್ಯಾಯಾಮ ಇಲ್ಲ, ಡಾಕ್ಟರಿಗೆ ಫೋನ್.

ಇನ್ನು ಕೈ. ಬಟ್ಟೆ ಒಣಹಾಕುವುದು, ತಲೆ ಬಾಚುವುದು, ಸ್ನಾನ. ಇವು ಯಾಕೆ ಅಷ್ಟೊಂದು ಸುಸ್ತು ಮಾಡುತ್ತವೆ ಅಂತ ಎಲ್ಲರಿಗೂ ಆಶ್ಚರ್ಯ. ಕೈ ಮೇಲೆತ್ತಿದಾಗ, ಉಸಿರಾಟಕ್ಕೆ ನೆರವಾಗುತ್ತಿದ್ದ ಭುಜ, ಎದೆಯ ಸ್ನಾಯುಗಳು ಕೈಯನ್ನು ಹಿಡಿಯುವ ಕೆಲಸಕ್ಕೆ ಹೋಗಿಬಿಡುತ್ತವೆ. ಅದಕ್ಕೆ ಸ್ನಾನಕ್ಕೆ ಸ್ಟೂಲ್, ತಲೆ ಬಾಚುವಾಗ ಮೊಣಕೈಗೆ ಮೇಜು. ಮೈ ಒರೆಸಿಕೊಳ್ಳುವ ಬದಲು ದಪ್ಪ ಟವೆಲ್ ಗೌನ್ ಸುತ್ತಿಕೊಂಡು ಕೂತರೆ ಅದೇ ನೀರು ಹೀರುತ್ತದೆ. ಉಳಿದ ಶಕ್ತಿಯನ್ನು ವ್ಯಾಯಾಮಕ್ಕೆ ಖರ್ಚು ಮಾಡಿ ಅನ್ನುತ್ತೇನೆ.

ಮನೆಯವರ ಜೊತೆ ನನ್ನ ಜಗಳ ಇದೇ ವಿಷಯಕ್ಕೆ. ಪ್ರೀತಿಯಿಂದಲೇ ಎಲ್ಲ ಕೈಗೆ ತಂದುಕೊಡುತ್ತಾರೆ. ನೀರು, ಪೇಪರ್, ಔಷಧಿ, ಚಪ್ಪಲಿ. "ಅಪ್ಪಂಗೆ ಸುಸ್ತಾಗುತ್ತೆ ಮೇಡಂ, ನಾವೇ ಮಾಡ್ತೀವಿ." ಸೊಸೆ ಒಬ್ಬರಿಗೆ ಹೇಳಿದೆ, "ನೀರಿನ ಲೋಟ ಅಡುಗೆಮನೆಯಲ್ಲೇ ಇಡಿ, ಅವರೇ ಎದ್ದು ಹೋಗಿ ಕುಡೀಲಿ." ಅವರ ಮುಖ ನೋಡಿದರೆ ನಾನು ಮಾವನಿಗೆ ಶಿಕ್ಷೆ ಕೊಟ್ಟ ಹಾಗಿತ್ತು. ಮಾವ ಮಾತ್ರ ನಗುತ್ತಿದ್ದರು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಆಹಾರ ತಜ್ಞರ ಕೆಲಸ. ತೂಕ ಇಳಿಯುತ್ತಿರುವವರಿಗೆ ಬರೀ ವ್ಯಾಯಾಮ ಕೊಟ್ಟರೆ ಇನ್ನೂ ಇಳಿಯುತ್ತಾರೆ ಅನ್ನುವುದಷ್ಟು ಗೊತ್ತಿರಲಿ. ಹಳೇ ಕಾಯಿಲೆ ಇರುವ ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳದೆ ಹೆಚ್ಚಿಸಬಾರದು. ಹೊಟ್ಟೆ ಬಿರಿಯ ತಿಂದರೆ ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು ವಪೆಗೆ ಜಾಗ ಸಾಲದೆ ಉಸಿರು ಇನ್ನೂ ಕಷ್ಟ, ಹಾಗಾಗಿ ಸ್ವಲ್ಪ ಸ್ವಲ್ಪ, ಹಲವು ಸಲ.

2016ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಒಂದು ಅಧ್ಯಯನ ನನ್ನ ಕೆಲಸದ ರೀತಿಗೆ ದೊಡ್ಡ ಆಧಾರ. ಪುನಶ್ಚೇತನಕ್ಕೆ, ಅಂದರೆ ಇಂಥದೇ ವ್ಯಾಯಾಮದ ಕಾರ್ಯಕ್ರಮಕ್ಕೆ ಬಂದ 816 ಸಿಒಪಿಡಿ ರೋಗಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಫ್ರೇಲ್ಟಿ ಇತ್ತು. ಅವರು ಮಧ್ಯದಲ್ಲೇ ಬಿಡುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಆದರೆ ಫ್ರೇಲ್ಟಿ ಇದ್ದೂ ಮುಗಿಸಿದವರಲ್ಲಿ ಹತ್ತರಲ್ಲಿ ಆರು ಜನ ಕೊನೆಗೆ ಫ್ರೇಲ್ಟಿಯ ಗೆರೆಯಿಂದ ಆಚೆ ಬಂದಿದ್ದರು. ಅಂದರೆ ಯಾರಿಗೆ ಜಾಸ್ತಿ ಲಾಭವೋ ಅವರೇ ಬಿಟ್ಟುಹೋಗುತ್ತಾರೆ. ನನ್ನಲ್ಲೂ ಅದೇ ಕಥೆ. ಕೆಮ್ಮು ಜೋರಾಗಿ ಆಸ್ಪತ್ರೆ ಸೇರುತ್ತಾರೆ, ವಾಪಸ್ ಬಂದಮೇಲೆ "ಪೂರ್ತಿ ಹುಷಾರಾಗಲಿ, ಆಮೇಲೆ ಬರ್ತೀನಿ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಈಗ ನಾನು ಕಾಯುವುದಿಲ್ಲ. ಯಾರಾದರೂ ಒಂದು ಸಲ ತಪ್ಪಿಸಿದರೆ ಅದೇ ದಿನ ಫೋನ್ ಮಾಡುತ್ತೇನೆ. ಆಸ್ಪತ್ರೆಯಿಂದ ಬಂದವರಿಗೆ ಡಾಕ್ಟರ್ ಒಪ್ಪಿದರೆ ಕೆಲವೇ ವಾರಗಳೊಳಗೆ ಮತ್ತೆ ಶುರು, ಬೇಕಿದ್ದರೆ ಮೊದಲಿನ ಎತ್ತರದ ದಿಂಬಿನಿಂದಲೇ. ತೀರಾ ಸುಸ್ತಿನ ದಿನಕ್ಕೆ ಅಂತ ಬೇರೆಯೇ ಒಂದು ಸಣ್ಣ ಚೀಟಿ ಬರೆದುಕೊಡುತ್ತೇನೆ. ಹಾಸಿಗೆಯಲ್ಲೇ ಪಾದ ಆಡಿಸುವುದು, ಕೂತು ಮಂಡಿ ನೆಟ್ಟಗೆ ಮಾಡಿ ಹಿಡಿಯುವುದು, ಎರಡು ಸಲ ಎದ್ದು ಕೂರುವುದು. ಅಷ್ಟೇ. ಏನೂ ಮಾಡದ ದಿನ ಇರಬಾರದು ಅನ್ನುವುದಕ್ಕಿಂತ, ಎಲ್ಲ ಬಿಟ್ಟುಹೋಯಿತು ಅನ್ನಿಸಬಾರದು ಅಂತ.

ಆರೆಂಟು ವಾರ ಆದ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಟೇಪು, ಜೊತೆಗೆ ಆರು ನಿಮಿಷದ ನಡಿಗೆ. ಆರು ನಿಮಿಷದಲ್ಲಿ ಮೊದಲಿಗಿಂತ ಸುಮಾರು 30 ಮೀಟರ್ ಜಾಸ್ತಿ ಹೋದರೆ ರೋಗಿಗೇ ಗೊತ್ತಾಗುವಷ್ಟು ಬದಲಾವಣೆ. ಐದು ಸಲ ಏಳುವುದರಲ್ಲಿ 1.7 ಸೆಕೆಂಡ್ ಇಳಿದರೂ ಹಾಗೆಯೇ. ಸ್ಪೈರೋಮೆಟ್ರಿ ಮಾತ್ರ ಇದ್ದಲ್ಲೇ ಇರುತ್ತದೆ. ಒಬ್ಬ ಮಗ ಎರಡು ರಿಪೋರ್ಟು ಅಕ್ಕಪಕ್ಕ ಹಿಡಿದು, "ಏನೂ ಬದಲಾಗಿಲ್ವಲ್ಲ ಮೇಡಂ" ಅಂದರು. ಅವರ ತಾಯಿ ಅಷ್ಟು ಹೊತ್ತಿಗೆ ಕುರ್ಚಿಯಿಂದ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, "ಹೋಗೋಣ್ವಾ?" ಅಂತ ಬಾಗಿಲ ಹತ್ತಿರ ನಿಂತಿದ್ದರು.

ಆದರೆ ಈ ಲಾಭ ಉಳಿಸಿಕೊಳ್ಳದಿದ್ದರೆ ಆರು ತಿಂಗಳಿಂದ ವರ್ಷದೊಳಗೆ ಕರಗುತ್ತದೆ. ಹಾಗಾಗಿ ಕೊನೆಯ ದಿನ ಹೊಸದೇನೂ ಕಲಿಸುವುದಿಲ್ಲ. ಮನೆಯ ಯಾವ ಕುರ್ಚಿ, ದಿನದ ಯಾವ ಹೊತ್ತು, ಎಷ್ಟು ಸಲ, ಪಕ್ಕದಲ್ಲಿ ಯಾರಿರುತ್ತಾರೆ ಅಂತ ಕೇಳಿ, ಅವರ ಕೈಯಲ್ಲೇ ಬರೆಸಿ ಕಳಿಸುತ್ತೇನೆ. ಮೂರು ತಿಂಗಳಿಗೆ ಮತ್ತೆ ಬಂದು ಕುರ್ಚಿ ಪರೀಕ್ಷೆ ಮಾಡಿಸಿಕೊಂಡು ಹೋಗಬೇಕು, ಎದೆಯ ಫೈಲ್ ತರುವುದೇನೂ ಬೇಡ.