ಕ್ಲ್ಯಾಷ್ ರಾಯಲ್: ಎಂಟು ಕಾರ್ಡ್‌ಗಳ ಮೊದಲ ಡೆಕ್ ಕಟ್ಟುವುದು ಹೇಗೆ?

ಇಸ್ಪೀಟು ಆಡುವವರಿಗೆ ಕೈಗೆ ಬಂದ ಎಲೆಯೇ ಗತಿ. ಕಲಸಿ ಹಂಚಿದ ಮೇಲೆ ಒಳ್ಳೆಯದೋ ಕೆಟ್ಟದ್ದೋ, ಬಂದದ್ದರಲ್ಲೇ ಆಡಬೇಕು. ಮೊಬೈಲ್‌ನಲ್ಲಿ ಆಡುವ ಕ್ಲ್ಯಾಷ್ ರಾಯಲ್ ಈ ವಿಷಯದಲ್ಲಿ ಬೇರೆಯೇ ಜಾತಿಯ ಕಾರ್ಡಿನಾಟ. ಇಲ್ಲಿ ಕಣಕ್ಕಿಳಿಯುವ ಎಂಟು ಕಾರ್ಡ್‌ಗಳನ್ನು ಪಂದ್ಯಕ್ಕೆ ಮುಂಚೆಯೇ ಆಟಗಾರ ತಾನೇ ಆರಿಸಿಕೊಂಡಿರುತ್ತಾನೆ. ಹೀಗೆ ಆರಿಸಿಕೊಂಡ ಎಂಟರ ಗುಂಪಿಗೆ ಡೆಕ್ ಎಂದು ಹೆಸರು. ಹೊಸಬರು ಸೋಲುವ ಪಂದ್ಯಗಳಲ್ಲಿ ಬಹಳಷ್ಟು, ಬೆರಳು ಪರದೆಯನ್ನು ಮುಟ್ಟುವ ಮೊದಲೇ, ಡೆಕ್ ಕಟ್ಟುವ ಹಂತದಲ್ಲೇ ಸೋತುಹೋಗಿರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿರುವ ಸೂಪರ್‌ಸೆಲ್ ಕಂಪನಿ ಈ ಆಟವನ್ನು 2016ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಬಿಡುಗಡೆ ಮಾಡಿತು. 2018ರಲ್ಲಿ ಇಂಡೊನೇಷ್ಯಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಅನ್ನು ಪ್ರದರ್ಶನ ಸ್ಪರ್ಧೆಯಾಗಿ ಸೇರಿಸಿದಾಗ ಆಡಿಸಿದ ಆಟಗಳಲ್ಲಿ ಕ್ಲ್ಯಾಷ್ ರಾಯಲ್ ಕೂಡ ಒಂದು. ಅದೇ ಕೂಟದಲ್ಲಿ ಡೆಕ್ ಕಟ್ಟಿ ಆಡುವ ಇನ್ನೊಂದು ಆಟವಾದ ಹಾರ್ತ್‌ಸ್ಟೋನ್‌ನಲ್ಲಿ ಭಾರತದ ತೀರ್ಥ ಮೆಹ್ತಾ ಕಂಚು ಗೆದ್ದರು. ಅಂಥ ಮಟ್ಟದಲ್ಲಿ ಆಡುವವರಿಗೂ ನಿನ್ನೆ ಆಟ ಇಳಿಸಿಕೊಂಡವರಿಗೂ ಡೆಕ್ಕಿನ ಮೂಲ ತತ್ವ ಒಂದೇ: ಎಂಟು ಬಲಶಾಲಿ ಕಾರ್ಡ್‌ಗಳನ್ನು ಒಂದೆಡೆ ಸೇರಿಸಿದರೆ ಡೆಕ್ ಆಗುವುದಿಲ್ಲ, ಎಂಟು ಕೆಲಸಗಳನ್ನು ಹಂಚಿಕೊಂಡ ಕಾರ್ಡ್‌ಗಳು ಸೇರಿದರೆ ಆಗುತ್ತದೆ.

ಆಟವನ್ನು ಇನ್ನೂ ನೋಡದವರಿಗಾಗಿ ಕಣದ ಪರಿಚಯ ಇಷ್ಟು. ನಡುವೆ ಒಂದು ನದಿ, ಅದಕ್ಕೆ ಎಡಬಲಗಳಲ್ಲಿ ಎರಡು ಸೇತುವೆ. ಇಬ್ಬರು ಆಟಗಾರರಿಗೂ ಎರಡು ಬದಿಗಳಲ್ಲಿ ಒಂದೊಂದು ಪ್ರಿನ್ಸೆಸ್ ಟವರ್, ಅವುಗಳ ಹಿಂದೆ ನಡುವಿನಲ್ಲಿ ಒಂದು ಕಿಂಗ್ ಟವರ್. ಮೂರು ನಿಮಿಷದಲ್ಲಿ ಎದುರಾಳಿಯ ಟವರ್‌ಗಳನ್ನು ಹೆಚ್ಚು ಉರುಳಿಸಿದವರು ಗೆಲ್ಲುತ್ತಾರೆ, ಕಿಂಗ್ ಟವರ್ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ, ಸಮವಾದರೆ ಹೆಚ್ಚುವರಿ ಸಮಯ ಸಿಗುತ್ತದೆ.

ಎಲಿಕ್ಸರ್ ಲೆಕ್ಕ ಮೊದಲು, ಕಾರ್ಡ್ ಆಮೇಲೆ

ಪ್ರತಿಯೊಂದು ಕಾರ್ಡ್‌ಗೂ ಎಲಿಕ್ಸರ್ ಎಂಬ ನೇರಳೆ ಬಣ್ಣದ ದ್ರವದಲ್ಲಿ ಒಂದು ಬೆಲೆ ಇದೆ. ಪಂದ್ಯ ಶುರುವಾಗುವಾಗ ಇಬ್ಬರ ಬಳಿಯೂ 5 ಎಲಿಕ್ಸರ್ ಇರುತ್ತದೆ. ಅನಂತರ 2.8 ಸೆಕೆಂಡಿಗೆ ಒಂದರಂತೆ ತುಂಬುತ್ತ ಹೋಗಿ 10ಕ್ಕೆ ನಿಂತುಬಿಡುತ್ತದೆ, ಕೊನೆಯ ಒಂದು ನಿಮಿಷದಲ್ಲಿ ತುಂಬುವ ವೇಗ ಇಮ್ಮಡಿಯಾಗುತ್ತದೆ. ಮೊದಲ ಎರಡು ನಿಮಿಷಗಳಲ್ಲಿ ನಿಮಗೆ ಹೊಸದಾಗಿ ಸಿಗುವುದು ಹೆಚ್ಚುಕಡಿಮೆ 43 ಎಲಿಕ್ಸರ್, ಎದುರಾಳಿಗೂ ಅಷ್ಟೇ. ಇಬ್ಬರ ಸಂಪಾದನೆಯೂ ಒಂದೇ ಆಗಿರುವುದರಿಂದ ವ್ಯತ್ಯಾಸವೆಲ್ಲ ಖರ್ಚಿನಲ್ಲಿದೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪನ್ನು ಒಂದು ಉದಾಹರಣೆಯಿಂದ ನೋಡೋಣ. ಆಡುತ್ತ ಆಡುತ್ತ ದೊಡ್ಡ ಕಾರ್ಡ್‌ಗಳು ಕೈಸೇರಿದಾಗ ಅವನ್ನೆಲ್ಲ ಒಂದೇ ಡೆಕ್ಕಿಗೆ ತುಂಬುವ ಆಸೆ ಹುಟ್ಟುತ್ತದೆ: 8ರ ಗೋಲೆಮ್, 7ರ ಪೆಕ್ಕಾ, 6ರ ಲೈಟ್ನಿಂಗ್, ತಲಾ 5ರ ಜೈಂಟ್, ಪ್ರಿನ್ಸ್, ವಿಚ್, ವಿಜಾರ್ಡ್, ಬಾರ್ಬೇರಿಯನ್ಸ್. ಒಟ್ಟು 46, ಸರಾಸರಿ 5.75. ಈ ಡೆಕ್ಕಿನಲ್ಲಿ 5ಕ್ಕಿಂತ ಕಡಿಮೆ ಬೆಲೆಯ ಕಾರ್ಡ್ ಒಂದೂ ಇಲ್ಲ. ಎದುರಾಳಿ ಶುರುವಿನಲ್ಲೇ 4 ಎಲಿಕ್ಸರ್‌ನ ಹಾಗ್ ರೈಡರನ್ನು ಓಡಿಸಿಕೊಂಡು ಬಂದರೆ ತಡೆಯಲು ಇರುವ 5 ಎಲಿಕ್ಸರನ್ನೂ ಸುರಿಯಬೇಕು, ಅದಾದ ಮೇಲೆ ಇನ್ನೊಂದು ಕಾರ್ಡ್ ಇಳಿಸಲು ಕನಿಷ್ಠ 14 ಸೆಕೆಂಡು ಕೈಕಟ್ಟಿ ಕೂರಬೇಕು. ಈ ಆಟದಲ್ಲಿ 14 ಸೆಕೆಂಡು ಎಂದರೆ ಒಂದು ಟವರ್ ಅರ್ಧ ಸವೆದುಹೋಗುವಷ್ಟು ದೀರ್ಘ ಕಾಲ.

ಡೆಕ್ ಪುಟದಲ್ಲಿ ಎಂಟು ಕಾರ್ಡ್‌ಗಳ ಕೆಳಗೆ ಸರಾಸರಿ ಎಲಿಕ್ಸರ್ ಬೆಲೆಯನ್ನು ಆಟವೇ ತೋರಿಸುತ್ತದೆ. ಆರಂಭದಲ್ಲಿ ಆ ಸಂಖ್ಯೆ 3.3ರಿಂದ 3.9ರೊಳಗೆ ಇರುವಂತೆ ನೋಡಿಕೊಳ್ಳಿ. ಇದಕ್ಕಿಂತ ಕಡಿಮೆ ಬೆಲೆಯ ಡೆಕ್‌ಗಳನ್ನು ಪಳಗಿದವರು ಚೆನ್ನಾಗಿ ಆಡುತ್ತಾರೆ ನಿಜ. ಆದರೆ ಅವಕ್ಕೆ ಬೇಕಾದ ಕೈವೇಗ ಮೊದಲ ವಾರದಲ್ಲಿ ಬರುವಂಥದ್ದಲ್ಲ.

ಕೆಲಸ ಹಂಚುವುದು

ಮೊದಲನೆಯ ಹೆಜ್ಜೆ, ಟವರ್ ಉರುಳಿಸುವ ಕಾರ್ಡನ್ನು ಗೊತ್ತುಮಾಡಿಕೊಳ್ಳುವುದು. ಇದನ್ನು ಆಟಗಾರರು ವಿನ್ ಕಂಡೀಷನ್ ಎನ್ನುತ್ತಾರೆ. ಎದುರು ಬರುವ ಸೈನಿಕರನ್ನು ಲೆಕ್ಕಿಸದೆ ನೇರವಾಗಿ ಕಟ್ಟಡಗಳ ಮೇಲೆಯೇ ಎರಗುವ ಜೈಂಟ್, ಹಾಗ್ ರೈಡರ್, ಬಲೂನ್ ಈ ವರ್ಗಕ್ಕೆ ಸೇರುತ್ತವೆ. ಮೊದಲ ಡೆಕ್ಕಿಗೆ ನಾನು ಜೈಂಟನ್ನು ಸೂಚಿಸುತ್ತೇನೆ. ಅದು ಬೇಗ ಕೈಗೆ ಸಿಗುತ್ತದೆ, 5 ಎಲಿಕ್ಸರ್ ಬೆಲೆಗೆ ಬಹಳ ಪೆಟ್ಟು ತಡೆದುಕೊಳ್ಳುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ನಿಧಾನವಾಗಿ ನಡೆಯುತ್ತದೆ. ನಿಧಾನ ಎಂಬುದು ಕೊರತೆಯಂತೆ ಕಂಡರೂ ಕಲಿಯುವವರಿಗೆ ಅದೇ ಅನುಕೂಲ. ಜೈಂಟ್ ಸೇತುವೆ ತಲುಪುವಷ್ಟರಲ್ಲಿ ಅದರ ಹಿಂದೆ ಯಾರನ್ನು ಕಳಿಸಬೇಕು ಎಂದು ಯೋಚಿಸಲು ಸಮಯ ಸಿಗುತ್ತದೆ. ಹಾಗ್ ರೈಡರ್ ನದಿಯನ್ನೇ ಜಿಗಿದು ಓಡುವುದರಿಂದ ಆ ಬಿಡುವು ಕೊಡುವುದಿಲ್ಲ.

ಎರಡನೆಯದು, ಆಕಾಶದಿಂದ ಬರುವವರನ್ನು ಹೊಡೆಯುವ ಕಾರ್ಡ್‌ಗಳು. ಹೊಸಬರ ಡೆಕ್‌ಗಳಲ್ಲಿ ನಾನು ಕಾಣುವ ಅತಿ ದೊಡ್ಡ ತೂತು ಇದು. ನೈಟ್, ಮಿನಿ ಪೆಕ್ಕಾ, ವಾಲ್ಕಿರಿ, ಪ್ರಿನ್ಸ್, ಬಾಂಬರ್, ಇವರೆಲ್ಲ ನೆಲದ ಮೇಲಿನವರನ್ನು ಮಾತ್ರ ಹೊಡೆಯಬಲ್ಲರು. ಹಾರುವ ಶತ್ರು ತಲೆಯ ಮೇಲೆ ಬಂದು ಕುಟ್ಟುತ್ತಿದ್ದರೂ ತಿರುಗಿ ಕೈ ಎತ್ತಲಾರರು. ಇಂಥವರನ್ನೇ ತುಂಬಿದ ಡೆಕ್ಕಿನ ಮುಂದೆ ಬಲೂನ್ ಬಂದರೆ ಟವರ್ ಹೋದಂತೆಯೇ. ಆದ್ದರಿಂದ ಎಂಟರಲ್ಲಿ ಕನಿಷ್ಠ ಮೂರು ಕಾರ್ಡ್‌ಗಳು ಹಾರುವವರನ್ನು ಹೊಡೆಯುವಂತಿರಲಿ. ದೂರದಿಂದ ಬಂದೂಕು ಹಾರಿಸುವ 4ರ ಮಸ್ಕೆಟೀರ್, ಜೋಡಿಯಾಗಿ ಬರುವ 3ರ ಆರ್ಚರ್ಸ್, ತಾವೇ ಹಾರುವ ಮೂವರು ಮಿನಿಯನ್ಸ್ (ಬೆಲೆ 3), ಈ ಮೂರೂ ನೆಲ-ಆಕಾಶ ಎರಡನ್ನೂ ನೋಡಿಕೊಳ್ಳುತ್ತವೆ. ನನ್ನ ಮೆಚ್ಚಿನದು ಮಸ್ಕೆಟೀರ್. ಜೈಂಟ್ ಮುಂದೆ ಪೆಟ್ಟು ತಿನ್ನುತ್ತಿರುವಾಗ ಅವಳು ಹಿಂದಿನಿಂದ ಒಬ್ಬೊಬ್ಬರನ್ನೇ ಕೆಡವುತ್ತ ಬರುವುದನ್ನು ನೋಡಿದರೆ ಡೆಕ್ಕಿನಲ್ಲಿ ಹೊಂದಾಣಿಕೆ ಎಂದರೇನು ಎಂಬುದು ತಾನಾಗಿ ಅರ್ಥವಾಗುತ್ತದೆ.

ಮೂರನೆಯದಾಗಿ ನೆಲದ ಕಾವಲಿಗೆ ಇಬ್ಬರು ಬೇಕು. 3 ಎಲಿಕ್ಸರ್‌ನ ನೈಟ್ ಹೆಚ್ಚು ಪೆಟ್ಟು ತಡೆದುಕೊಂಡು ಸಾಧಾರಣವಾಗಿ ಹೊಡೆಯುತ್ತಾನೆ. 4ರ ಮಿನಿ ಪೆಕ್ಕಾ ಇದಕ್ಕೆ ಪೂರಕ, ಅವನ ಒಂದೊಂದು ಏಟೂ ಭಾರ. ಎದುರಾಳಿಯ ಜೈಂಟ್ ನಿಮ್ಮ ಟವರ್ ಕಡೆಗೆ ಬಂದಾಗ ಮಿನಿ ಪೆಕ್ಕಾನನ್ನು ಪಕ್ಕದಲ್ಲಿ ಇಳಿಸಿದರೆ ಸಾಕು, ಉಳಿದದ್ದನ್ನು ಅವನೇ ಮುಗಿಸುತ್ತಾನೆ.

ಉಳಿದ ಎರಡು ಜಾಗ ಮಂತ್ರಗಳಿಗೆ, ಎಂದರೆ ಸ್ಪೆಲ್‌ಗಳಿಗೆ. ಒಂದು ಚಿಕ್ಕದು, ಒಂದು ದೊಡ್ಡದು. 3ರ ಆ್ಯರೋಸ್ ವಿಸ್ತಾರವಾದ ಜಾಗದ ಮೇಲೆ ಬಾಣಗಳ ಮಳೆ ಸುರಿಸಿ ಸಣ್ಣ ಪುಟ್ಟವರ ದಂಡನ್ನು ಒರೆಸಿಹಾಕುತ್ತದೆ. 4ರ ಫೈರ್‌ಬಾಲ್ ಒಟ್ಟಾಗಿ ನಿಂತ ಮಧ್ಯಮ ಬಲದ ಸೈನಿಕರ ಮೇಲೆ ಬೀಳಬೇಕು, ಪಕ್ಕದ ಟವರ್‌ಗೂ ತಾಗಿದರೆ ಇನ್ನೂ ಒಳ್ಳೆಯದು. ಮಂತ್ರಗಳು ಟವರ್‌ಗೆ ಮಾಡುವ ಹಾನಿ ಕಡಿಮೆ, ಆದ್ದರಿಂದ ಪಂದ್ಯದ ಆರಂಭದಲ್ಲಿ ಬರಿಯ ಟವರ್ ಮೇಲೆ ಅವನ್ನು ಎಸೆಯುವುದು ಶುದ್ಧ ಅಪವ್ಯಯ.

ಈಗ ಕೂಡಿಸಿ ನೋಡಿ: ಜೈಂಟ್ 5, ಮಸ್ಕೆಟೀರ್ 4, ಮಿನಿ ಪೆಕ್ಕಾ 4, ಫೈರ್‌ಬಾಲ್ 4, ನೈಟ್ 3, ಆರ್ಚರ್ಸ್ 3, ಮಿನಿಯನ್ಸ್ 3, ಆ್ಯರೋಸ್ 3. ಒಟ್ಟು 29, ಸರಾಸರಿ 3.6. ಈ ಎಂಟೂ ಕಾರ್ಡ್‌ಗಳು ಸುಲಭವಾಗಿ ಸಿಗುವ ಕಾಮನ್ ಅಥವಾ ರೇರ್ ವರ್ಗದವು. 2021ರಲ್ಲಿ ಬಂದ ಅತಿ ಅಪರೂಪದ ಚಾಂಪಿಯನ್ ಕಾರ್ಡ್‌ಗಳಾಗಲಿ, ಇರುವ ಕಾರ್ಡ್‌ಗೇ ಹೆಚ್ಚಿನ ಶಕ್ತಿ ಕೊಡುವ, 2023ರಲ್ಲಿ ಬಂದ ಎವಲ್ಯೂಷನ್‌ಗಳಾಗಲಿ ಕಲಿಕೆಯ ಈ ಹಂತಕ್ಕೆ ಅಗತ್ಯವಿಲ್ಲ.

ಕೊಟ್ಟದ್ದೆಷ್ಟು, ಬಂದದ್ದೆಷ್ಟು

ಡೆಕ್ ಸಿದ್ಧವಾದ ಮೇಲೆ ಅದರ ಒಂದೊಂದು ಕಾರ್ಡ್ ಯಾವುದಕ್ಕೆ ಉತ್ತರ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಎದುರಾಳಿ 5 ಎಲಿಕ್ಸರ್ ಕೊಟ್ಟು ಮಿನಿಯನ್‌ಗಳ ದೊಡ್ಡ ಹಿಂಡಾದ ಮಿನಿಯನ್ ಹೋರ್ಡ್ ಇಳಿಸಿದಾಗ ನೀವು 3ರ ಆ್ಯರೋಸ್‌ನಿಂದ ಅದನ್ನು ಇಲ್ಲವಾಗಿಸಿದರೆ 2 ಎಲಿಕ್ಸರ್ ನಿಮ್ಮ ಲಾಭ. ಅವನ 5ರ ಪ್ರಿನ್ಸ್ ನಿಮ್ಮ ಕಡೆ ಏರಿಬಂದಾಗ ಹಾರುವ ಮಿನಿಯನ್ಸ್ ಅನ್ನು ಅವನ ಮೇಲೆ ಬಿಟ್ಟರೆ ಪ್ರಿನ್ಸ್‌ಗೆ ಅವರನ್ನು ಮುಟ್ಟಲಾಗುವುದಿಲ್ಲ, ಅಲ್ಲೂ 2 ಉಳಿತಾಯ. ಅವನ 4ರ ಮಸ್ಕೆಟೀರ್ ತಲೆಯ ಮೇಲೆಯೇ ನಿಮ್ಮ 3ರ ನೈಟನ್ನು ಇಳಿಸಿದರೆ 1 ಉಳಿಯುತ್ತದೆ. ಒಂದು, ಎರಡು ಎಂದು ಹೀಗೆ ಕೂಡಿದ ಉಳಿತಾಯವೇ, ಎದುರಾಳಿಯ ಕೈ ಬರಿದಾಗಿರುವ ಹೊತ್ತಿನಲ್ಲಿ, ನಿಮ್ಮ ಜೈಂಟ್‌ನ ಹಿಂದೆ ಇನ್ನೊಬ್ಬ ಸೈನಿಕನಾಗಿ ನಿಲ್ಲುತ್ತದೆ.

ಆದರೆ ಲೆಕ್ಕಾಚಾರ ಕಾರ್ಡ್‌ಗಳ ಬೆಲೆಯಲ್ಲಿ ಮುಗಿಯುವುದಿಲ್ಲ. ಕಾಯುತ್ತ ಕುಳಿತು ಎಲಿಕ್ಸರ್ 10ಕ್ಕೆ ಮುಟ್ಟಿದ ಮೇಲೂ ಏನನ್ನೂ ಇಳಿಸದಿದ್ದರೆ ಪ್ರತಿ 2.8 ಸೆಕೆಂಡಿಗೆ ಒಂದರಂತೆ ನಷ್ಟವಾಗುತ್ತಿರುತ್ತದೆ. ಹಾಗಾಗುವ ಮೊದಲು ಆರ್ಚರ್ಸ್ ಅಥವಾ ನೈಟನ್ನು ನಿಮ್ಮ ಕಿಂಗ್ ಟವರ್ ಹಿಂದಿನಿಂದ ಹೊರಡಿಸಿ.

ಕಾರ್ಡ್ ತಿರುಗುವ ಕ್ರಮ

ಎಂಟರಲ್ಲಿ ಒಂದು ಹೊತ್ತಿಗೆ ಕೈಯಲ್ಲಿರುವುದು ನಾಲ್ಕು. ಒಂದನ್ನು ಆಡಿದರೆ ಅದು ಸಾಲಿನ ಕೊನೆಗೆ ಹೋಗುತ್ತದೆ, ಬೇರೆ ನಾಲ್ಕು ಕಾರ್ಡ್ ಆಡಿದ ಮೇಲಷ್ಟೇ ಮತ್ತೆ ಕೈಗೆ ಬರುತ್ತದೆ. ಈ ಡೆಕ್ಕಿನಲ್ಲಿ ಅತಿ ಅಗ್ಗದ ನಾಲ್ಕು ಕಾರ್ಡ್‌ಗಳ ಒಟ್ಟು ಬೆಲೆ 12, ಎಂದರೆ ಜೈಂಟ್ ಮರಳಿ ಬರಬೇಕಾದರೆ ಕಡಿಮೆಯೆಂದರೂ 12 ಎಲಿಕ್ಸರ್ ಖರ್ಚಾಗಬೇಕು. ಎದುರಾಳಿಗೂ ಇದೇ ನಿಯಮ. ಅವನು ಆ್ಯರೋಸ್ ಬಳಸಿದ್ದನ್ನು ಕಂಡರೆ ಮುಂದಿನ ನಾಲ್ಕು ಕಾರ್ಡ್‌ಗಳವರೆಗೆ ನಿಮ್ಮ ಮಿನಿಯನ್ಸ್‌ಗೆ ಆ ಭಯವಿಲ್ಲ. ಎಂಟನ್ನೂ ನೆನಪಿಡಲು ಆರಂಭದಲ್ಲೇ ಹೋಗಬೇಡಿ, ಅವನ ಮಂತ್ರಗಳೆರಡನ್ನು ಮಾತ್ರ ಗಮನಿಸಿ.

ಚಿನ್ನವನ್ನು ಹರಡಬೇಡಿ

ಕಾರ್ಡ್‌ಗಳ ಮಟ್ಟ ಏರಿಸಲು ಅದೇ ಕಾರ್ಡಿನ ಪ್ರತಿಗಳೂ ಆಟದೊಳಗಿನ ಚಿನ್ನವೂ ಬೇಕು. ಹೊಸ ಕಾರ್ಡ್ ಬಂದಾಗಲೆಲ್ಲ ಅದನ್ನು ಏರಿಸುತ್ತ ಹೋದರೆ ಇಪ್ಪತ್ತು ಕಾರ್ಡ್‌ಗಳು ಅರೆಬರೆಯಾಗಿ ಉಳಿಯುತ್ತವೆ. ಆರಿಸಿಕೊಂಡ ಎಂಟಕ್ಕೇ ಚಿನ್ನ ಹಾಕಿ. ಮಕ್ಕಳ ಕೈಗೆ ಆಟ ಕೊಟ್ಟ ತಂದೆತಾಯಿಗಳಿಗೆ ಒಂದು ಮಾತು: ಚಿನ್ನ, ರತ್ನಗಳನ್ನು ನಿಜವಾದ ಹಣಕ್ಕೆ ಕೊಳ್ಳುವ ವ್ಯವಸ್ಥೆ ಆಟದೊಳಗೇ ಇದೆ. ಫೋನಿನ ಆ್ಯಪ್ ಅಂಗಡಿಯಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಹೊಂದಿಸಿಡಿ. ಮೇಲಿನ ಡೆಕ್ ಕಟ್ಟಲು ಒಂದು ರೂಪಾಯಿಯೂ ಬೇಡ.

ಕಣದಲ್ಲಿ ಪರೀಕ್ಷೆ

ಕ್ಲ್ಯಾನ್ ಎಂಬ ಗುಂಪಿಗೆ ಸೇರಿದರೆ ಅಲ್ಲಿನವರೊಡನೆ ಸ್ನೇಹದ ಪಂದ್ಯ ಆಡಬಹುದು, ಅದರಲ್ಲಿ ಸೋತರೂ ಟ್ರೋಫಿ ಎಂಬ ಅಂಕ ಕಳೆಯುವುದಿಲ್ಲ. ಹೊಸ ಡೆಕ್ಕನ್ನು ಮೊದಲು ಅಲ್ಲಿ ಪಳಗಿಸಿಕೊಳ್ಳಿ. ಅಭ್ಯಾಸ ಮಾಡಬೇಕಾದ ಮುಖ್ಯ ನಡೆ ಒಂದೇ. ಎಲಿಕ್ಸರ್ 10 ಇರುವಾಗ, ಎದುರಾಳಿ ಈಗಷ್ಟೇ ದೊಡ್ಡ ಖರ್ಚು ಮಾಡಿರುವಾಗ, ಜೈಂಟನ್ನು ನಿಮ್ಮ ಕಿಂಗ್ ಟವರ್‌ನ ಹಿಂದೆ ಇಳಿಸಿ. ಉಳಿದ 5 ಎಲಿಕ್ಸರ್ ಅವನ ಮರುದಾಳಿಯನ್ನು ತಡೆಯಲು ಕೈಯಲ್ಲಿರುತ್ತದೆ. ಜೈಂಟ್ ನಡೆಯುತ್ತ ಬರುತ್ತಿರುವಾಗ, 14 ಸೆಕೆಂಡಿನಲ್ಲಿ, ಅದಕ್ಕೆ ಕೊಟ್ಟ 5 ಮತ್ತೆ ತುಂಬಿಕೊಳ್ಳುತ್ತದೆ. ಜೈಂಟ್ ಸೇತುವೆಯ ಹತ್ತಿರ ಬಂದಾಗ ಹಿಂದೆ ಮಸ್ಕೆಟೀರ್ ಸೇರಿಸಿ, ಆ್ಯರೋಸ್ ಬೆರಳ ತುದಿಯಲ್ಲಿರಲಿ. ಎದುರಾಳಿ ಪುಟ್ಟ ಅಸ್ಥಿಪಂಜರಗಳ ದಂಡಾದ ಸ್ಕೆಲಿಟನ್ ಆರ್ಮಿಯನ್ನು ಜೈಂಟ್ ಸುತ್ತ ಸುರಿದ ಕೂಡಲೇ ಬಿಡಬೇಕಾದದ್ದು ಅದು. ಪಂದ್ಯದ ಮೊದಲ ಕ್ಷಣದಲ್ಲಿ, ಇರುವ 5 ಎಲಿಕ್ಸರನ್ನೂ ಕೊಟ್ಟು ಸೇತುವೆಯ ಮೇಲೆ ಜೈಂಟ್ ಇಳಿಸುವುದನ್ನು ಮಾತ್ರ ಮಾಡಲೇಬೇಡಿ. ಒಂಟಿ ಜೈಂಟನ್ನು ಕೆಡವಿದ ಎದುರಾಳಿ ಅದೇ ಸೈನಿಕರನ್ನು ನಿಮ್ಮ ಮೇಲೆ ತಿರುಗಿಸುವಾಗ ನಿಮ್ಮ ಕೈಯಲ್ಲಿ ತಡೆಯಲು ಸಾಕಾಗುವಷ್ಟು ಎಲಿಕ್ಸರ್ ಇರುವುದಿಲ್ಲ.

ಮೊದಲ ನಾಲ್ಕಾರು ಸೋಲಿಗೇ ಡೆಕ್ ಬದಲಿಸುವುದು ಸಾಮಾನ್ಯವಾದ ಅವಸರ. ಕನಿಷ್ಠ ಇಪ್ಪತ್ತು ಪಂದ್ಯ ಇದೇ ಎಂಟರಲ್ಲಿ ಆಡಿ, ಪ್ರತಿ ಸೋಲಿನ ಬಳಿಕ ಟವರ್ ಕೆಡವಿದ ಕಾರ್ಡ್ ಯಾವುದು ಎಂದು ಒಂದು ಕಾಗದದಲ್ಲಿ ಬರೆದಿಡಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆಗ ಒಂದು ಕಾರ್ಡ್, ಒಂದೇ ಒಂದು ಕಾರ್ಡ್ ಬದಲಿಸಿ. ಪಟ್ಟಿಯಲ್ಲಿ ಹಾಗ್ ರೈಡರ್ ಹೆಚ್ಚಾಗಿದ್ದರೆ ಮಿನಿ ಪೆಕ್ಕಾ ಬದಲು 3ರ ಕ್ಯಾನನ್ ಸೇರಿಸಿ, ಎರಡು ಪ್ರಿನ್ಸೆಸ್ ಟವರ್‌ಗಳ ನಡುವೆ, ನದಿಯಿಂದ ಸ್ವಲ್ಪ ಹಿಂದೆ ಇಟ್ಟರೆ ಹಾಗ್ ಟವರನ್ನು ಬಿಟ್ಟು ಅದರತ್ತ ತಿರುಗುತ್ತದೆ, ಸರಾಸರಿ ಬೆಲೆಯೂ 3.5ಕ್ಕೆ ಇಳಿಯುತ್ತದೆ. ಸಣ್ಣವರ ದಂಡುಗಳೇ ಸೋಲಿಸುತ್ತಿದ್ದರೆ ಮಿನಿಯನ್ಸ್ ತೆಗೆದು, ಹಾರುತ್ತಲೇ ಗುಂಪಿಗೆ ಬೆಂಕಿ ಉಗುಳುವ 4ರ ಬೇಬಿ ಡ್ರ್ಯಾಗನ್ ಹಾಕಿ. ಬದಲಿಸಿದ ಡೆಕ್ಕನ್ನು ಇನ್ನೊಂದು ಖಾನೆಯಲ್ಲಿ ಉಳಿಸಿ, ಹಳೆಯದನ್ನು ಅಳಿಸದೆ ಇಟ್ಟುಕೊಂಡು, ಮತ್ತೆ ಇಪ್ಪತ್ತು ಪಂದ್ಯ ಆಡಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.