ವಸ್ತಿ ಬಸ್ಸಿನ ಕಂಡಕ್ಟರ್ ಶಾಸನ ಓದಲು ಕಲಿತದ್ದು

ನಾನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ನಿರ್ವಾಹಕ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡದ ಕಡೆಯ ರೂಟುಗಳಲ್ಲಿಯೇ ನನ್ನ ನೌಕರಿಯ ಬಹುಪಾಲು ಕಳೆದಿದೆ. ಪಿಯುಸಿಗೆ ನಿಂತ ಓದನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದು, ಶಾಸನಗಳ ಲಿಪಿಯನ್ನೂ ಅವುಗಳ ಹಳಗನ್ನಡವನ್ನೂ ಕಲಿಯಲು ಕುಳಿತೆ, ಇಂದಿಗೂ ಕಲಿಯುತ್ತಿದ್ದೇನೆ. ದಿನವಿಡೀ ನಿಂತು ಟಿಕೆಟ್ ಕೊಟ್ಟು ಬಂದವನಿಗೆ ಇದಕ್ಕೆ ಹುಮ್ಮಸ್ಸು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಬಹಳ. ಅವರ ಪ್ರಶ್ನೆಯಲ್ಲಿ ಹುಮ್ಮಸ್ಸು ಮೊದಲು, ಕಲಿಕೆ ಆಮೇಲೆ ಎಂಬ ಲೆಕ್ಕವಿದೆ. ನನ್ನ ಮಟ್ಟಿಗೆ ಆ ಲೆಕ್ಕ ತಿರುವುಮುರುವು. ನಿನ್ನೆ ಒಂದು ಅಕ್ಷರ ಬಿಡಿಸಿದ್ದರಿಂದ ಇಂದು ಅದರ ಪಕ್ಕದ ಅಕ್ಷರ ಬಿಡಿಸಬೇಕೆನಿಸುತ್ತದೆ, ಅಷ್ಟೆ. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಬಂದು ಬಿದ್ದಿರುವ ಸ್ಫೂರ್ತಿಯ ಮಾತುಗಳು ನನಗೆ ಒಂದು ಅಕ್ಷರವನ್ನೂ ಬಿಡಿಸಿಕೊಟ್ಟಿಲ್ಲ.

ಶುರುವಾದದ್ದಕ್ಕೆ ಕಾರಣ ಐಹೊಳೆಗೆ ಇಳಿಯುವ ಪ್ರವಾಸಿಗರು. ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿಯ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634ರದ್ದು, ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿ ಅದರಲ್ಲಿದೆ, ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಇಷ್ಟನ್ನು ನಾನು ಪ್ರಯಾಣಿಕರಿಗೆ ನಿರರ್ಗಳವಾಗಿ ಹೇಳುತ್ತಿದ್ದೆ. ಆದರೆ ಗುಡ್ಡ ಹತ್ತಿ ಅದರ ಮುಂದೆ ನಿಂತರೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಭಾಷೆ ಸಂಸ್ಕೃತವಾದರೂ ಲಿಪಿ ನಮ್ಮ ಇಂದಿನ ಕನ್ನಡ ಅಕ್ಷರಗಳ ಹಿರಿಯರದು. ದಿನವೂ ಅದರ ಬುಡದಲ್ಲಿಯೇ ಹಾದುಹೋಗುವ ನಾನು ಅದನ್ನು ಬರೀ ಬಾಯಿಮಾತಿನಲ್ಲಿ ಬಲ್ಲೆನೆಂಬುದು ಮನಸ್ಸಿಗೆ ಹಿಡಿಸಲಿಲ್ಲ.

ಅದಕ್ಕೂ ಮೊದಲು ಹಿತೈಷಿಗಳ ಮಾತಿನಂತೆ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ, ಇಂಗ್ಲಿಷ್ ಮಾತನಾಡುವ ತರಗತಿಗೂ ಹೋಗಿದ್ದೆ. ಎರಡರ ಸರ್ಟಿಫಿಕೇಟುಗಳೂ ಟ್ರಂಕಿನಲ್ಲಿ ಭದ್ರವಾಗಿವೆ. ಅವುಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಪರೀಕ್ಷೆಯ ಮರುದಿನ ಪುಸ್ತಕ ತೆರೆಯಬೇಕೆಂದು ಒಮ್ಮೆಯೂ ಅನಿಸಲಿಲ್ಲ.

ಹಳಗನ್ನಡಕ್ಕೆ ದಾರಿ ತೋರಿದ್ದು ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ಪರೀಕ್ಷೆಗಳು. ಪ್ರವೇಶ, ಕಾವ, ಜಾಣ, ರತ್ನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇರುವ ಇವನ್ನು ಕಾಲೇಜು ಬಿಟ್ಟು ಎಷ್ಟೋ ವರ್ಷವಾದವರೂ ಮನೆಯಲ್ಲಿಯೇ ಓದಿಕೊಂಡು ಬರೆಯಬಹುದು. ನಾನು ಬರೆದದ್ದು ಪದವಿಯ ಆಸೆಗಲ್ಲ. ಪಠ್ಯವೆಂಬುದೊಂದು ಇದ್ದರೆ ಇಂದು ಏನು ಓದಲಿ ಎಂಬ ಗೊಂದಲ ತಪ್ಪುತ್ತದೆ. ವಯಸ್ಸಾದ ಮೇಲೆ ಕಲಿಯುವವನಿಗೆ ಸಮಯದ ಕೊರತೆಗಿಂತ ಈ ಗೊಂದಲವೇ ದೊಡ್ಡ ಅಡ್ಡಿ ಎಂದು ನನ್ನ ಅಭಿಪ್ರಾಯ.

ಲಿಪಿಯನ್ನು ಮಾತ್ರ ನನ್ನದೇ ರೀತಿಯಲ್ಲಿ ಕಲಿತೆ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಎಂಬ ಸರ್ಕಾರಿ ಮಾಲೆಯಲ್ಲಿ 11ನೆಯ ಸಂಪುಟದಿಂದ ಮೊದಲುಗೊಂಡು ಕೆಲವು ಸಂಪುಟಗಳು ಹಳೆಯ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳ ಶಾಸನಗಳಿಗೇ ಮೀಸಲಾಗಿವೆ. ಅವುಗಳಲ್ಲಿ ನನ್ನ ರೂಟಿನ ಊರುಗಳನ್ನು ಹುಡುಕಿ, ಒಂದು ಶಾಸನದ ಅಚ್ಚಾದ ಪಾಠವನ್ನು ಮೊದಲು ಮನೆಯಲ್ಲಿ ಬಾಯಿಪಾಠವಾಗುವಷ್ಟು ಓದಿಕೊಳ್ಳುತ್ತಿದ್ದೆ. ಆಮೇಲೆ ಆ ಊರಿಗೆ ಡ್ಯೂಟಿ ಬಿದ್ದಾಗ ಕಲ್ಲಿನ ಮುಂದೆ ಕುಳಿತು, ಕಾಗದದ ಅಕ್ಷರವನ್ನು ಕಲ್ಲಿನ ಅಕ್ಷರಕ್ಕೆ ಒಂದೊಂದಾಗಿ ಹೊಂದಿಸುವುದು. ಎರಡನೆಯ ಸಲ ಹೋದಾಗ ಕಾಗದವನ್ನು ಮಡಚಿ ಅರ್ಧ ಸಾಲು ಮುಚ್ಚಿಕೊಳ್ಳುವುದು. ಹೀಗೆ ಮುಚ್ಚುವ ಭಾಗವನ್ನು ಹೆಚ್ಚಿಸುತ್ತ ಹೋದರೆ ಒಂದು ದಿನ ಕಾಗದ ಜೇಬಿನಿಂದ ಹೊರಗೆ ಬರುವುದೇ ಇಲ್ಲ.

ಇದಕ್ಕೆ ನನ್ನ ನೌಕರಿಯೇ ಅನುಕೂಲ ಮಾಡಿಕೊಟ್ಟಿತೆಂದರೆ ಜನ ನಂಬುವುದಿಲ್ಲ. ವಸ್ತಿ ಬಸ್ಸು ಸಂಜೆ ಹಳ್ಳಿ ಮುಟ್ಟಿ ಬೆಳಗಿನ ಜಾವ ಹೊರಡುತ್ತದೆ. ಕಲ್ಲಿನ ಮೇಲಿನ ಸವೆದ ಅಕ್ಷರ ನಡುಹಗಲ ಬಿಸಿಲಿನಲ್ಲಿ ಕಾಣುವುದಿಲ್ಲ. ಸೂರ್ಯ ಇಳಿಯುವಾಗ ಬೆಳಕು ಓರೆಯಾಗಿ ಬಿದ್ದರೆ ಪ್ರತಿ ಗೆರೆಯ ಒಂದು ಅಂಚಿನಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಆತುಕೊಂಡಂತೆ ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿದರೆ ಏನೂ ಕಾಣದು. ಸುಣ್ಣ, ಎಣ್ಣೆ, ಚಾಕ್‌ಪೀಸು ಬಳಿದು ಅಕ್ಷರ ಎಬ್ಬಿಸುವ ರೂಢಿ ಹಳ್ಳಿಗಳಲ್ಲಿ ಇದೆ. ಅದರಿಂದ ಕಲ್ಲು ಹಾಳಾಗುತ್ತದೆ, ಮುಂದೆ ಓದುವವರಿಗೆ ಅಕ್ಷರವೇ ಉಳಿಯುವುದಿಲ್ಲ. ಒಣ ಬಟ್ಟೆಯಿಂದ ಧೂಳು ಒರೆಸುವುದಷ್ಟೇ ನನ್ನ ಪದ್ಧತಿ.

ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಗಳಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಅವುಗಳ ಆರಂಭ ಹೆಚ್ಚುಕಡಿಮೆ ಒಂದೇ ಬಗೆಯದು. ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂಬ ಬಿರುದುಗಳ ಸಾಲು ಕಂಠಸ್ಥವಾದರೆ ಎಷ್ಟೋ ಊರುಗಳ ಕಲ್ಲಿನ ಮೊದಲ ಸಾಲುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಸಂತೆಯ ದಿನ ಬಸ್ಸಿಗೆ ನಿಂತ ಕಾಯಂ ಪ್ರಯಾಣಿಕರನ್ನು ಮುಖ ಕಾಣುವ ಮೊದಲೇ ನಿಲುವಿನಿಂದ ಗುರುತಿಸುವ ಹಾಗೆ ಆ ಪದಗಳನ್ನು ದೂರದಿಂದಲೇ ಗುರುತಿಸಬಹುದು. ಮುಂದೆ ಕಾಲದ ಉಲ್ಲೇಖ ಬರುತ್ತದೆ. ಶಕವರ್ಷವಿದ್ದರೆ 78 ಕೂಡಿಸಬೇಕು, ಚಾಳುಕ್ಯ ವಿಕ್ರಮ ವರ್ಷವಿದ್ದರೆ 1076ರಿಂದ ಎಣಿಸಬೇಕು. ಆಮೇಲೆ ದಾನ ಕೊಟ್ಟವರು, ಪಡೆದವರು, ಭೂಮಿ ಎಷ್ಟು ಮತ್ತರು (ಅಂದಿನ ನೆಲದ ಅಳತೆ), ಅದರ ಎಲ್ಲೆ ಯಾವುದು, ಕಡೆಗೆ ಇದನ್ನು ಕೆಡಿಸಿದವನಿಗೆ ಶಾಪ.

ಕಷ್ಟ ನಿಜವಾಗಿ ಶುರುವಾಗುವುದು ನಡುಭಾಗದಲ್ಲಿ. ಪದಗಳ ನಡುವೆ ತೆರಪಿರುವುದಿಲ್ಲ. ಎ, ಏ ಎಂಬ ಭೇದವನ್ನಾಗಲಿ ಒ, ಓ ಎಂಬ ಭೇದವನ್ನಾಗಲಿ ಬರಹದಲ್ಲಿ ತೋರಿಸುತ್ತಿರಲಿಲ್ಲ. ಪದ ಗೊತ್ತಿದ್ದವನು ಮಾತ್ರ ಸ್ವರವನ್ನು ಎಳೆದೋ ಮೊಟಕಾಗಿಯೋ ಓದಿಕೊಳ್ಳಬೇಕು. ಮ, ವ, ಪ ಮೂರೂ ಒಂದನ್ನೊಂದು ಹೋಲುತ್ತವೆ. ಶಕಟರೇಫ (ಱ) ಮತ್ತು ರಳ (ೞ) ಎಂಬ ಎರಡು ಅಕ್ಷರಗಳು ಇಂದು ಬಳಕೆಯಲ್ಲೇ ಇಲ್ಲದಿರುವುದರಿಂದ ಅವುಗಳ ಆಕಾರವನ್ನು ಹೊಸದಾಗಿಯೇ ಕಣ್ಣಿಗೆ ರೂಢಿ ಮಾಡಿಸಬೇಕು. ಇಂಥ ಎಡೆಯಲ್ಲಿ ಪುಸ್ತಕಕ್ಕಿಂತ ಕಿವಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಣ್ಣಿನಿಂದ ಒಡೆಯದ ಸಾಲನ್ನು ಗಟ್ಟಿಯಾಗಿ, ನಮ್ಮ ಮನೆಯ ಮಾತಿನ ಎಳೆತದಲ್ಲಿಯೇ ಓದಿಕೊಂಡರೆ ಎಷ್ಟೋ ಸಲ ಪದ ತಾನೇ ಒಡೆದುಕೊಂಡದ್ದುಂಟು.

ವಸ್ತಿ ಊರೊಂದರಲ್ಲಿ ಹನುಮಪ್ಪನ ಗುಡಿಯ ಮುಂದೆ ಸೊಂಟದವರೆಗೆ ಹೂತುಹೋದ ಒಂದು ಕಲ್ಲಿದೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು. ಅದರ ಎಲ್ಲೆಯ ಭಾಗವನ್ನು ನಾನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ತಡವರಿಸಿ ಓದುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕಿವಿಗೊಟ್ಟು ಕೇಳುತ್ತಿದ್ದರು. ಒಂದು ಹಳ್ಳದ ಹೆಸರಿನಲ್ಲಿ ನಾನು ಸಿಕ್ಕಿಬಿದ್ದೆ. ಒಂದು ಅಕ್ಷರದ ಮೇಲೆ ಚಕ್ಕೆ ಎದ್ದುಹೋಗಿತ್ತು. ಅದನ್ನು ಬಿಟ್ಟು ಹಿಂದುಮುಂದಿನ ಅಕ್ಷರಗಳನ್ನು ಹೇಳಿದ್ದೇ ತಡ, ಅಜ್ಜ ಇಡೀ ಹೆಸರನ್ನು ಹೇಳಿಬಿಟ್ಟರು. “ಅದು ನಮ್ಮ ಹೊಲದ ಬಡಗಲ ಬದುವಿನ ಹಳ್ಳ ಅಲ್ರೀ ಕಂಡಕ್ಟರ್ ಸಾಹೇಬ್ರ! ಈಗ ನೀರಿಲ್ಲ, ಹೆಸರು ಮಾತ್ರ ಐತಿ,” ಎಂದರು. ನಾನು ಟಾರ್ಚನ್ನು ಮತ್ತೆ ಓರೆಯಾಗಿ ಹಿಡಿದು ನೋಡಿದೆ. ಚಕ್ಕೆಯ ಕೆಳಗೆ ಉಳಿದಿದ್ದ ಒತ್ತಕ್ಷರದ ಬಾಲ ಅವರ ಮಾತಿಗೆ ಸರಿಯಾಗಿ ಹೊಂದಿತು. ಆಮೇಲೆ ಅಜ್ಜ ಶಾಪದ ಸಾಲನ್ನು ಓದಿಸಿ ಕೇಳಿದರು, ಆ ಭೂಮಿಯನ್ನು ಈಗ ಯಾರು ಉಳುತ್ತಿದ್ದಾರೆಂದು ನೆನಪಿಸಿಕೊಂಡು ನಕ್ಕರು. ಅಂದು ರಾತ್ರಿ ಬಸ್ಸಿನ ಸೀಟಿನ ಮೇಲೆ ಮಲಗಿದರೂ ನಿದ್ದೆ ಹತ್ತಲಿಲ್ಲ.

ಹುಮ್ಮಸ್ಸು ಎಂದು ಜನ ಕೇಳುವುದು ಇದನ್ನೇ ಇರಬೇಕು. ಆದರೆ ನಾನು ನಾನಾಗಿಯೇ ಇದ್ದುದರಿಂದ ಅದು ನನಗೆ ದಕ್ಕಿತೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕೊರಳಲ್ಲಿ ಚರ್ಮದ ಚೀಲ ಹಾಕಿಕೊಂಡವನು ಕುಳಿತು ಓದುತ್ತಿದ್ದರೆ ಹಳ್ಳಿಯವರು ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತಾರೆ. ವಿದ್ವಾಂಸನ ವೇಷ ಹಾಕಿ, ಗ್ರಾಂಥಿಕ ಮಾತಿನಲ್ಲಿ ವಿಚಾರಿಸಿದ್ದರೆ ಅಜ್ಜ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರೇ ಹೊರತು ಹಳ್ಳದ ಹೆಸರು ಹೇಳುತ್ತಿರಲಿಲ್ಲ. ಒಮ್ಮೆ ವಿಜಯಪುರದಲ್ಲಿ ಒಂದು ವಿಚಾರಗೋಷ್ಠಿಗೆ ಹೋಗಿದ್ದಾಗ ಪಕ್ಕದಲ್ಲಿದ್ದ ಪ್ರಾಧ್ಯಾಪಕರು, “ತಾವು ಯಾವ ಕಾಲೇಜು?” ಎಂದು ಕೇಳಿದರು. “ಕಾಲೇಜಲ್ರೀ ಸರ್, ಡಿಪೊ,” ಎಂದೆ. ಅವರು ನಕ್ಕು, ಊಟದ ಹೊತ್ತಿನಲ್ಲಿ ನನ್ನ ನೋಟುಬುಕ್ಕನ್ನು ಪುಟ ಬಿಡದೆ ನೋಡಿದರು. ಆ ಊರಿಗೆ ಹೋದಾಗಲೆಲ್ಲ ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇನೆ, ಏಕೆಂದರೆ ನಮ್ಮ ಮಹಾಕೂಟದಲ್ಲಿದ್ದ, ಬಾದಾಮಿ ಚಾಲುಕ್ಯ ಅರಸ ಮಂಗಲೇಶನ ಶಾಸನಸ್ತಂಭ ಈಗ ಅಲ್ಲಿದೆ.

ವಿಜಯಪುರವೆಂದಾಗ ಫ.ಗು. ಹಳಕಟ್ಟಿಯವರನ್ನು ನೆನೆಯದಿರುವುದು ಕಷ್ಟ. ಅವರು ಅಲ್ಲಿ ವಕೀಲಿಕೆ ಮಾಡುತ್ತಿದ್ದವರು. ಮನೆಮನೆಗಳಲ್ಲಿ ಪೂಜೆಗೊಳ್ಳುತ್ತ ಕುಳಿತಿದ್ದ ವಚನಗಳ ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿ, ಅಚ್ಚುಹಾಕಿಸಲು 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು, ಮರುವರ್ಷ ಪತ್ರಿಕೆಯನ್ನೂ ಆರಂಭಿಸಿದರು. ನಮ್ಮ ಭಾಗದ ಶಾಸನಗಳನ್ನು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಆಡಳಿತಾಧಿಕಾರಿ. ಇವರೊಡನೆ ನನ್ನನ್ನು ಹೋಲಿಸಿಕೊಳ್ಳುವ ಹುಚ್ಚು ನನಗಿಲ್ಲ. ಹೊಟ್ಟೆಪಾಡಿನ ಕೆಲಸ ಬೇರೆ ಇದ್ದವರೂ ಇದರಲ್ಲಿ ತೊಡಗಬಹುದೆಂಬ ಸಂಪ್ರದಾಯ ನಮ್ಮ ಕಡೆ ಹಳೆಯದು ಎಂದು ತಿಳಿದಾಗ ನನಗಿದ್ದ ಸಂಕೋಚ ಹೋಯಿತು, ಅಷ್ಟೇ.

ಮನೆಯಲ್ಲಿ ವಿರೋಧವೇನೂ ಇರಲಿಲ್ಲ. “ಈ ವಯಸ್ಸಿನಾಗ ಕಲ್ಲು ಓದಿ ಏನ್ ಮಾಡ್ತಿಯೋ ತಮ್ಮಾ?” ಎಂದು ಅಣ್ಣ ಕೇಳುತ್ತಲೇ ಇರುತ್ತಾನೆ. ಮನೆಯಾಕೆಯ ಮಾತು ಬೇರೆ: “ಕಲ್ಲು ಓದಿ ಬಂದ ದಿನ ನಿಮಗ ಸಿಟ್ಟು ಕಡಿಮಿ ಇರತೈತಿ.” ಇದಕ್ಕಿಂತ ದೊಡ್ಡ ಲಾಭವನ್ನು ಅಣ್ಣನಿಗೆ ತೋರಿಸಲು ನನ್ನಿಂದ ಆಗಿಲ್ಲ.

ದಣಿವು ಇದ್ದೇ ಇದೆ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶೂನ್ಯ ಟಿಕೆಟಾದರೂ ಪ್ರತಿಯೊಬ್ಬರಿಗೂ ಮಷಿನ್‌ನಿಂದ ಹರಿದು ಕೊಡಲೇಬೇಕು. ಅಂಥ ದಿನ ಪುಸ್ತಕ ತೆರೆಯುವುದಿಲ್ಲ, ಅದಕ್ಕಾಗಿ ಕೊರಗುವುದೂ ಇಲ್ಲ. ಹಳೆಯ ಕಾಗದದ ಬೆನ್ನಿಗೆ ಒಂದು ಅಕ್ಷರದ ಹಳೆಯ ರೂಪವನ್ನು ಕೆಲವು ಸಲ ಬರೆದು ಮಲಗುತ್ತೇನೆ. ಬರೆಯುತ್ತ ಹೋದರೆ ಕೈಗೆ ಅಕ್ಷರದ ತಿರುವು ಗೊತ್ತಾಗುತ್ತದೆ, ಮುಂದೆ ಕಲ್ಲಿನ ಮೇಲೆ ಅರ್ಧ ಸವೆದಿದ್ದರೂ ಉಳಿದರ್ಧ ಎತ್ತ ಹೋಗಿರಬೇಕೆಂದು ಊಹಿಸಬಹುದು. ನೆನಪಿನ ಶಕ್ತಿ ಇಪ್ಪತ್ತರ ಹರೆಯದಲ್ಲಿದ್ದಂತೆ ಇಲ್ಲವಾದ್ದರಿಂದ ಕೈಯ ಅಭ್ಯಾಸವನ್ನೇ ನಾನು ಹೆಚ್ಚು ನಂಬಿದ್ದೇನೆ.

ಬಾದಾಮಿಯ ಮೂರನೆಯ ಗುಹೆಯ ಬಳಿ ಮಂಗಲೇಶನ ಚಿಕ್ಕದೊಂದು ಕನ್ನಡ ಶಾಸನವಿದೆ. ಅವನು ‘ಕಲ್ಮನೆ’ಗೆ, ಅಂದರೆ ಕಲ್ಲಿನ ಗುಡಿಗೆ, ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟದ್ದನ್ನೂ ದೇವರಿಗೆ ಹೂವು ಕಟ್ಟುವ ಮಾಲೆಗಾರರ ಪಾಲನ್ನೂ ಅದು ಹೇಳುತ್ತದೆ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯ ಗುಡಿಯನ್ನು ಕಟ್ಟಿದ ಸೂತ್ರಧಾರಿಗೆ, ಅಂದರೆ ಮುಖ್ಯ ಶಿಲ್ಪಿಗೆ, ಬಿರುದು ಕೊಟ್ಟ ಶಾಸನವಿದೆ. ಈ ಎರಡನ್ನೂ ಕಾಗದವಿಲ್ಲದೆ ಓದಬಲ್ಲೆನಾದ ಮೇಲೆ ಪ್ರವಾಸಿಗರಿಗೆ ರಾಜರ ಗೆಲುವನ್ನು ಹೇಳುವ ಉತ್ಸಾಹ ನನ್ನಲ್ಲಿ ಕಡಿಮೆಯಾಗಿದೆ. ಹೂವು ಕಟ್ಟಿದವರ, ಕಲ್ಲು ಕಟೆದವರ ಸುದ್ದಿಯನ್ನೇ ಮೊದಲು ಹೇಳುತ್ತೇನೆ. ಕೇಳುವವರು ಕೇಳುತ್ತಾರೆ, ಉಳಿದವರು ಕಿಟಕಿಯಿಂದ ಮಲಪ್ರಭೆಯನ್ನು ನೋಡುತ್ತಾರೆ.

ಸದ್ಯಕ್ಕೆ ಕೈಯಲ್ಲಿರುವ ಕೆಲಸ ಪಟ್ಟದಕಲ್ಲಿನದೇ ಒಂದು ಕಂಬ. ಚಾಲುಕ್ಯ ಅರಸ ಎರಡನೆಯ ಕೀರ್ತಿವರ್ಮನ ಕಾಲದ, 8ನೆಯ ಶತಮಾನದ ಆ ಕಂಬದಲ್ಲಿ ಒಂದೇ ಸಂಸ್ಕೃತ ಒಕ್ಕಣೆಯನ್ನು ಎರಡು ಲಿಪಿಗಳಲ್ಲಿ ಕೆತ್ತಿದ್ದಾರೆ: ಒಂದು ನಮ್ಮ ಕಡೆಯ ಅಂದಿನ ಲಿಪಿ, ಇನ್ನೊಂದು ಉತ್ತರದ ನಾಗರಿ. ನಮ್ಮ ಲಿಪಿಯ ಪಾಠ ಈಗ ಬರುತ್ತದೆ. ಅದನ್ನು ಎಡಗಡೆ ಬರೆದುಕೊಂಡು, ನಾಗರಿಯ ಸಾಲನ್ನು ಬಲಗಡೆ ನಕಲು ಮಾಡಿ, ಗೊತ್ತಿರುವ ಅಕ್ಷರದಿಂದ ಗೊತ್ತಿಲ್ಲದ ಅಕ್ಷರವನ್ನು ಒಂದೊಂದಾಗಿ ಪತ್ತೆಹಚ್ಚುತ್ತಿದ್ದೇನೆ. ಸಂಸ್ಕೃತ ವ್ಯಾಕರಣ ಅಲ್ಲಲ್ಲಿ ಕೈಕೊಡುತ್ತದೆ. ಅದಕ್ಕಾಗಿ ಊರಿನ ನಿವೃತ್ತ ಶಿಕ್ಷಕರೊಬ್ಬರ ಮನೆಗೆ ವಾರದ ರಜೆಯ ದಿನ ಹೋಗಿಬರುವುದನ್ನು ಶುರುಮಾಡಿದ್ದೇನೆ. ವಿಭಕ್ತಿಗಳ ಪಟ್ಟಿ ಮುಗಿದು ಈಗ ಸಂಧಿಗೆ ಬಂದಿದ್ದೇವೆ.